ಹನ್ನೊಂದನೇ ಕಲಂ

ಬೆಂಗಳೂರು
12 ಸೆಪ್ಟೆಂಬರ್ 1988

ಶ್ರೀಮತಿ ರಾಚಮ್ಮನವರಿಗೆ,
ಹಿರಿಯ ನರ್ಸು, ಹುಣಸೇಕಟ್ಟೆ ಆಸ್ಪತ್ರೆ, ಹನೂರು ರಸ್ತೆ, ಕೊಳ್ಳೇಗಾಲ ತಾಲ್ಲೂಕು.

ನಮಸ್ಕಾರ. ನಾನು ಡಾ. ಲಕ್ಷ್ಮಿದೇವಿ. ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಹಳ್ಳಿ ತರಬೇತಿಯ ಉಸ್ತುವಾರಿ ನನ್ನದು. ಕೊನೆಯ ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ಮೂರು ತಿಂಗಳು ನಿಮ್ಮಂಥ ಆಸ್ಪತ್ರೆಯಲ್ಲಿ ಕೆಲಸ ಮಾಡಿ ‘ತೃಪ್ತಿಕರ’ ಎಂಬ ಕಾಗದ ತಂದರೆ ಡಾಕ್ಟರಾಗುತ್ತಾರೆ. ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ಎಲ್ಲರೂ ತೃಪ್ತಿಕರವೇ. ಮೂರು ತಿಂಗಳಲ್ಲಿ ಮೂರು ದಿನ ಮುಖ ತೋರಿಸಿದವನೂ ತೃಪ್ತಿಕರ, ಜ್ವರದ ಮಗುವಿಗೆ ಮಾತ್ರೆ ಮರೆತವನೂ ತೃಪ್ತಿಕರ. ನನಗೆ ಈ ಪದ ಕಂಡರೆ ಮೈ ಉರಿಯುತ್ತದೆ.

ಆದ್ದರಿಂದ ಈ ಸಲ ಹೊಸ ಫಾರಂ ಮಾಡಿದ್ದೇನೆ. ತುಂಬುವವರು ಡಾಕ್ಟರಲ್ಲ, ದಿನವಿಡೀ ವಿದ್ಯಾರ್ಥಿಯ ಪಕ್ಕದಲ್ಲಿರುವ ನರ್ಸು. ಹತ್ತು ಕಲಂಗಳಿಗೆ ಹತ್ತು ಹತ್ತು ಅಂಕ. ಹನ್ನೊಂದನೆಯದಕ್ಕೆ ಅಂಕವಿಲ್ಲ, ಒಂದೇ ಪ್ರಶ್ನೆ: ‘ನಿಮ್ಮ ಮನೆಯವರಿಗೆ ಕಾಯಿಲೆಯಾದರೆ ಈ ವಿದ್ಯಾರ್ಥಿಯ ಕೈಗೆ ಒಪ್ಪಿಸುವಿರಾ?’

ನಿಯಮಗಳು ಮೂರು. ಒಂದು, ಫಾರಂ ವಿಷಯ ವಿದ್ಯಾರ್ಥಿಗೆ ತಿಳಿಯಬಾರದು. ಎರಡು, ದಯೆ ತೋರಿಸಬೇಡಿ. ಮೂರು, ಬಾಯಿ ಹಾಕಬೇಡಿ. ಹೇಳಿಕೊಟ್ಟರೆ ಅದು ನಿಮ್ಮ ಪರೀಕ್ಷೆಯಾಗುತ್ತದೆ, ಅವರದಲ್ಲ.

ನಿಮ್ಮಲ್ಲಿಗೆ ಬರುವವಳು ದೀಪ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಬೆಂಗಳೂರಿನ ಹುಡುಗಿ. ತರಗತಿಗೆ ಎರಡನೆಯವಳು.

ಇತಿ,
ಲಕ್ಷ್ಮಿದೇವಿ


ಹುಣಸೇಕಟ್ಟೆ
26 ಸೆಪ್ಟೆಂಬರ್ 1988

ಮೇಡಂ ಅವರಿಗೆ ರಾಚಮ್ಮನ ನಮಸ್ಕಾರ.

ನಿಮ್ಮ ಕಾಗದ ಓದುವಾಗ ಎರಡು ಸಲ ಕುರ್ಚಿಯಿಂದ ಎದ್ದೆ, ಮೂರನೇ ಸಲ ಕೂರಲೇ ಇಲ್ಲ. ಡಾಕ್ಟರಿಗೆ ನಾನು ಮಾರ್ಕ್ಸ್ ಹಾಕುವುದೇ! ಇಪ್ಪತ್ತೆರಡು ವರ್ಷ ಸರ್ವೀಸಿನಲ್ಲಿ ‘ಏಯ್ ಸಿಸ್ಟರ್, ಕತ್ತರಿ’ ಎಂದು ಕರೆದವರೇ ಎಲ್ಲ. ಅವರೆಲ್ಲರಿಗೂ ಹಿಂದಿನಿಂದ ಲೆಕ್ಕ ಹಾಕಿ ಮಾರ್ಕ್ಸ್ ಕೊಡಬಹುದಾ ಮೇಡಂ? ಒಬ್ಬಿಬ್ಬರಿಗೆ ಈಗಲೇ ಕೊಟ್ಟುಬಿಡುತ್ತೇನೆ.

ನಿಮ್ಮ ದೀಪ ಹದಿನೈದರ ಬೆಳಿಗ್ಗೆ ಹನೂರು ಬಸ್ಸಿನಿಂದ ಇಳಿದಳು. ಬಿಳಿ ಬೂಟು. ಸಂಜೆಗೆ ಅದೇ ಕೆಂಪು ಬೂಟು. ಇಳಿದವಳೇ ನಮ್ಮ ಅಟೆಂಡರ್ ಮುತ್ತಯ್ಯನನ್ನು, “ಇಲ್ಲಿ ಜಾಸ್ತಿ ಏನು ಬರುತ್ತೆ?” ಎಂದು ಕೇಳಿದಳು. ಕಾಯಿಲೆ ಬಗ್ಗೆ ಕೇಳಿದ್ದು. ಅವನು, “ಬಸ್ಸೊಂದ್ ಬುಟ್ಟು ಎಲ್ಲಾ ಬತ್ತದೆ ಕಣವ್ವ” ಎಂದ.

ಕೈ ಚುರುಕು, ಕಣ್ಣು ಚುರುಕು, ಕಿವಿ ಮಾತ್ರ ಬೆಂಗಳೂರಿನದು. ಮೊನ್ನೆ ನಡೆದದ್ದು ಕೇಳಿ. ಕೆರೆದೊಡ್ಡಿಯ ಪುಟ್ಟಮಲ್ಲಮ್ಮ ಕುಡುಗೋಲು ತಾಗಿಸಿಕೊಂಡು ಬಂದಳು. ದೀಪ ಅಂದವಾಗಿ ಮೂರು ಹೊಲಿಗೆ ಹಾಕಿ, ನಾಳೆ ಪಟ್ಟಿ ಬದಲಿಸಬೇಕು ಬನ್ನಿ ಎಂದಳು. “ನಾಳೆ ಎಲ್ ಬರನವ್ವ, ಮನೇಲಿ ಎಲ್ಲಾ ಮೂರ್ನೇ ಜ್ವರಕ್ ಬಿದ್ದವೆ” ಎಂದು ಪುಟ್ಟಮಲ್ಲಮ್ಮ ಹೊರಟೇಬಿಟ್ಟಳು. ದೀಪಳ ಮುಖ ನೋಡಬೇಕಿತ್ತು! ಮನೆಮಂದಿಗೆಲ್ಲ ಮೂರನೇ ಸಲ ಜ್ವರವೆಂದರೆ ಮಲೇರಿಯವೋ ಟೈಫಾಯ್ಡೋ! ಊಟ ಬಿಟ್ಟು, ಥರ್ಮಾಮೀಟರು, ರಕ್ತ ತೆಗೆಯುವ ಸಾಮಾನು ಕಟ್ಟಿಕೊಂಡು, ಮುತ್ತಯ್ಯನ ಸೈಕಲ್ಲಿನಲ್ಲಿ ನಾಲ್ಕು ಮೈಲಿ ತುಳಿದಳು. ಜ್ವರ ಬಂದವರು ಎಲ್ಲಿ ಎಂದು ಕೇಳಿದರೆ ಪುಟ್ಟಮಲ್ಲಮ್ಮನ ಗಂಡ ಪುಟ್ಟಮಾದಪ್ಪ ಬಿದಿರಿನ ತಟ್ಟೆ ತೋರಿಸಿದನಂತೆ. ರೇಷ್ಮೆ ಹುಳ, ಮೇಡಂ! ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಮಲಗುತ್ತವಲ್ಲ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. “ಜ್ವರ ನಮ್ಗಲ್ಲ ಕಣವ್ವ, ಉಳಕ್ಕೆ” ಎಂದು ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಇವಳೂ ನಕ್ಕು, ಅವರ ಮನೆಯ ಕಾಫಿ ಕುಡಿದು ಬಂದಳು. ಮಾರನೇ ದಿನ ತಾನೇ ಮತ್ತೆ ಹೋಗಿ ಪಟ್ಟಿಯನ್ನೂ ಬದಲಿಸಿದಳು.

ಬಂದವಳು ಪುಸ್ತಕದಲ್ಲಿ ಬರೆದುಕೊಂಡಳು: ‘ಉಳ ಅಂದರೆ ಹುಳ. ಇಲ್ಲಿ ಹ ಇಲ್ಲ.’

ನಾನು ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ, ನಿಮ್ಮ ಮೂರನೇ ನಿಯಮ! ಪರದೆ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಅವಳಿಗೆ ಒಂಬತ್ತು ಮಾರ್ಕ್ಸ್ ಹಾಕಿದ್ದೇನೆ.

ಆರನೇ ಕಲಮಿನಲ್ಲಿ ‘ವೃತ್ತಿಪರತೆ’ ಎಂದಿದೆ. ನಮ್ಮೂರಿನ ಮೇಷ್ಟ್ರನ್ನು ಕೇಳಿದೆ. ಸರ್ಕಾರಿ ಪದ, ಅರ್ಥ ಇರಲೇಬೇಕೆಂದಿಲ್ಲ ಎಂದರು. ನೀವು ಹೇಳಿ.

ರಾಚಮ್ಮ


ಬೆಂಗಳೂರು
3 ಅಕ್ಟೋಬರ್ 1988

ರಾಚಮ್ಮನವರೇ,

ಮೂರನೇ ಜ್ವರದ ಕಥೆ ಓದಿ ವಿಭಾಗದಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ಪಕ್ಕದ ಕೋಣೆಯವರು ಬಂದು ವಿಚಾರಿಸಿದರು.

ಆದರೂ ಒಂಬತ್ತು ಹೆಚ್ಚಾಯಿತು. ಹತ್ತು ದಿನಕ್ಕೆ ಒಂಬತ್ತು ಕೊಟ್ಟರೆ ಮುಂದೆ ಕೊಡಲು ನಿಮ್ಮ ಹತ್ತಿರ ಏನು ಉಳಿಯುತ್ತದೆ?

ನಿಮ್ಮ ಮೇಷ್ಟ್ರು ತಮಾಷೆಯವರು. ಸುಲಭವಾಗಿ ಹೇಳುತ್ತೇನೆ. ಐದನೇ ಕಲಂ ಸಾಮರ್ಥ್ಯ, ಅಂದರೆ ಕೆಲಸ ಗೊತ್ತಿದೆಯೇ. ಆರನೇ ಕಲಂ ವೃತ್ತಿಪರತೆ, ಅಂದರೆ ಯಾರೂ ನೋಡದಿದ್ದಾಗಲೂ ಆ ಕೆಲಸವನ್ನು ಹಾಗೆಯೇ ಮಾಡುತ್ತಾಳೆಯೇ. ತಪ್ಪಾದರೆ ನನ್ನದು ಎನ್ನುತ್ತಾಳೆಯೇ. ಮೊದಲನೆಯದನ್ನು ನಾವು ಕಲಿಸಬಲ್ಲೆವು. ಎರಡನೆಯದನ್ನು ಅಳೆಯಲು ನನಗೆ ಇವತ್ತಿಗೂ ಬರುವುದಿಲ್ಲ. ಅದಕ್ಕೇ ನಿಮ್ಮ ಕಣ್ಣು ಬೇಕು.

ಮೂರನೇ ನಿಯಮ ಪಾಲಿಸಿದ್ದೀರಿ. ಸಂತೋಷ. ಹೀಗೆಯೇ ಇರಲಿ, ಏನೇ ಆದರೂ.

ಲಕ್ಷ್ಮಿದೇವಿ


ಹುಣಸೇಕಟ್ಟೆ
14 ಅಕ್ಟೋಬರ್ 1988

ಮೇಡಂ,

ಈಗ ಅರ್ಥವಾಯಿತು! ಮೇಷ್ಟ್ರಿಗೂ ಹೇಳಿದೆ. “ಇದಕ್ಕೆ ಅಷ್ಟು ದೊಡ್ಡ ಪದ ಯಾಕ್ರೀ?” ಎಂದರು.

ಪೆನ್ಸಿಲ್ಲು ಸದಾ ನನ್ನ ಕೋಟಿನ ಜೇಬಿನಲ್ಲೇ ಇರುತ್ತದೆ. ದೀಪ ಕೈ ತೊಳೆದರೆ ಒಂದು ಗೀಟು, ಮರೆತರೆ ಒಂದು ಸೊನ್ನೆ. ಮೊನ್ನೆ ಒಂದು ದಿನ ನಮ್ಮ ಡಾಕ್ಟರು ಮಲೆ ಮಹದೇಶ್ವರ ಬೆಟ್ಟದ ಶಿಬಿರಕ್ಕೆ ಹೋಗಿದ್ದಾಗ ಎಪ್ಪತ್ತೊಂದು ಜನರನ್ನು ಒಬ್ಬಳೇ ನೋಡಿದಳು. ಎಪ್ಪತ್ತೊಂದನೆಯವನಿಗೂ ಹೆಸರು ಕೇಳಿಯೇ ಮಾತಾಡಿಸಿದಳು. ನಾನು ಎಣಿಸಿದ್ದೇನೆ.

ನನ್ನ ಮಗಳು ಮಹದೇವಿ ಹೊನ್ನೂರಿನಲ್ಲಿದ್ದಾಳೆ, ಯಳಂದೂರಿನ ಹತ್ತಿರ. ಐದು ತುಂಬಿದೆ. ಚೊಚ್ಚಲು, ನನ್ನ ಹತ್ತಿರವೇ ಬರುತ್ತಾಳೆ. ಹನ್ನೊಂದನೇ ಕಲಂ ಓದಿದಾಗಲೆಲ್ಲ ಅವಳೇ ಕಣ್ಣಮುಂದೆ ಬರುತ್ತಾಳೆ. ಇನ್ನೂ ತುಂಬಿಲ್ಲ. ಅವಸರವೇನು?

ರಾಚಮ್ಮ


ಬೆಂಗಳೂರು
15 ಡಿಸೆಂಬರ್ 1988

ರಾಚಮ್ಮನವರೇ,

ಎರಡು ತಿಂಗಳಿಂದ ನಿಮ್ಮದೊಂದು ಸಾಲಿಲ್ಲ. ಈಗ ಫಾರಂ ಮಾತ್ರ ಬಂದಿದೆ, ಜೊತೆಗೆ ಕಾಗದವಿಲ್ಲ. ಹತ್ತು ಕಲಮಿಗೂ ಹತ್ತಕ್ಕೆ ಹತ್ತು. ಹನ್ನೊಂದನೆಯದು ಖಾಲಿ.

ದೀಪಳ ದಿನಚರಿ ಪುಸ್ತಕವೂ ಬಂದಿದೆ. ನವೆಂಬರ್ 17ರ ಪುಟವನ್ನು ಹಾಗೇ ಬರೆಯುತ್ತೇನೆ:

‘ಪುಟ್ಟಮಲ್ಲಮ್ಮ, 45 ವರ್ಷ, ಕೆರೆದೊಡ್ಡಿ. ಹಿಪ್ಪುನೇರಳೆ ಸೊಪ್ಪು ಕುಯ್ಯುವಾಗ ‘ಉಳ ಮುಟ್ತು’ ಎಂದರು. ಕಂಬಳಿಹುಳ ಎಂದು ತಿಳಿದು ಅಲರ್ಜಿ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದೆ. ಅದು ನಾಗರಹಾವು. ಯಾವ ಹುಳ ಎಂದು ಕೇಳಲಿಲ್ಲ. ಗಾಯವನ್ನು ಸರಿಯಾಗಿ ನೋಡಲಿಲ್ಲ. ತಪ್ಪು ನನ್ನದು. ಬೇರೆ ಯಾರದೂ ಅಲ್ಲ.’

ಹಾವು ಕಚ್ಚಿದವಳನ್ನು ಮನೆಗೆ ಕಳಿಸಿದವಳಿಗೆ ನೀವು ಹತ್ತಕ್ಕೆ ಹತ್ತು ಕೊಟ್ಟಿದ್ದೀರಿ! ಜನವರಿ ಎರಡರಂದು ಸಮಿತಿಯ ಸಭೆ. ಇವಳನ್ನು ಒಂದು ವರ್ಷ ತಡೆಹಿಡಿಯಬೇಕು, ಡಾಕ್ಟರಾಗಲು ಯೋಗ್ಯಳೇ ಎಂದು ಆಮೇಲೆ ನೋಡೋಣ ಎಂದು ಇಬ್ಬರು ಸದಸ್ಯರು ಆಗಲೇ ಹೇಳಿದ್ದಾರೆ. ನನ್ನ ಕೈಯಲ್ಲಿರುವುದು ನಿಮ್ಮ ಫಾರಂ ಒಂದೇ, ಅದನ್ನು ನಂಬುವುದು ಹೇಗೆ?

ಅವತ್ತು ನೀವು ಎಲ್ಲಿದ್ದಿರಿ? ಹನ್ನೊಂದನೇ ಕಲಂ ಖಾಲಿ ಬಿಟ್ಟದ್ದನ್ನು ನಾನು ‘ಇಲ್ಲ’ ಎಂದು ಓದಿಕೊಳ್ಳಲೇ?

ಲಕ್ಷ್ಮಿದೇವಿ


ಹುಣಸೇಕಟ್ಟೆ
19 ಡಿಸೆಂಬರ್ 1988

ಅಯ್ಯೋ ಇಲ್ಲ ಮೇಡಂ! ಖಾಲಿ ಎಂದರೆ ಖಾಲಿ, ‘ಇಲ್ಲ’ ಅಲ್ಲ!

ಆ ಹುಡುಗಿ ಪುಸ್ತಕದಲ್ಲಿ ತಪ್ಪು ಮಾತ್ರ ಬರೆದಿದ್ದಾಳೆ. ಆಮೇಲೆ ಏನು ಮಾಡಿದಳು ಎಂಬುದನ್ನು ಬರೆಯಲೇ ಇಲ್ಲವಲ್ಲ! ನಾನು ಹೇಳುತ್ತೇನೆ ಕೇಳಿ.

ಹತ್ತೂವರೆಗೆ ಪುಟ್ಟಮಾದಪ್ಪ ಹೆಂಡತಿಯನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದ. ಅವಳ ಮಡಿಲಲ್ಲಿ ಇನ್ನೂ ಸೊಪ್ಪಿತ್ತು, ಎಡಗಾಲಿನ ಕಿರುಬೆರಳು ಊದಿತ್ತು. ಡಾಕ್ಟರು ಅವತ್ತೂ ಶಿಬಿರಕ್ಕೆ ಹೋಗಿದ್ದರು, ದೀಪ ಇಂಜೆಕ್ಷನ್ ಕೊಟ್ಟು ಕಳಿಸಿದಳು. ನಾನು ಹೆರಿಗೆ ಕೋಣೆಯಲ್ಲಿದ್ದೆ, ನನಗೆ ಏನೂ ಗೊತ್ತಿಲ್ಲ.

ಹನ್ನೆರಡರ ಹೊತ್ತಿಗೆ ಮುತ್ತಯ್ಯ ಹಿಂದಿನ ವಾರ ಬಂದಿದ್ದ ಒಂದು ಪೆಟ್ಟಿಗೆ ಎತ್ತಿಕೊಂಡು ದೀಪಳ ಮೇಜಿನ ಹತ್ತಿರ ಬಂದ. “ಅವ್ವಾ, ಈ ಉಳದ್ ಮದ್ದ ಎಲ್ ಮಡಗ್ಲಿ?”

“ಯಾವುದು, ಜಂತುಹುಳದ ಮಾತ್ರೆನಾ?” ಎಂದು ಪೆಟ್ಟಿಗೆ ತಿರುಗಿಸಿ ಇಂಗ್ಲಿಷ್ ಚೀಟಿ ಓದಿದಳು. “ಮುತ್ತಯ್ಯ, ಇದು ಹಾವಿನ ವಿಷದ್ದು ಅಲ್ವಾ?”

“ಶ್! ಎಸ್ರು ಯೋಳ್ಬಾರ್ದು ಕಣವ್ವ, ಯೋಳುದ್ರೆ ಬತ್ತದೆ. ಉಳ ಅನ್ಬೇಕು. ಉಳ ಮುಟ್ತು ಅಂದ್ರೆ ಅದೇಯ.”

ಅಷ್ಟು ಹೊತ್ತಿಗೆ ನಾನು ಹೊರಗೆ ಬಂದಿದ್ದೆ, ಅವಳು ಆ ಚೀಟಿಯನ್ನೇ ನೋಡಿದ್ದನ್ನು ಕಣ್ಣಾರೆ ಕಂಡೆ. ಒಂದು ಕ್ಷಣ, ಅಷ್ಟೇ. ಪೆಟ್ಟಿಗೆ ಎದೆಗವುಚಿಕೊಂಡು, ಉಸಿರಾಟದ ಗಾಳಿಚೀಲ ಕುತ್ತಿಗೆಗೆ ನೇತುಹಾಕಿಕೊಂಡು ರಸ್ತೆಗೆ ಓಡಿದಳು. ಸಲೈನ್ ಬಾಟಲು ಹಿಡಿದು ನಾನೂ ಹಿಂದೆ ಓಡಿದೆ. ನಮ್ಮೂರಿನ ಸ್ವಾಮಿಯ ಟೆಂಪೊ ಕೊಳ್ಳೇಗಾಲದ ಗೂಡಿನ ಮಾರ್ಕೆಟ್ಟಿಗೆ ಹೊರಟಿತ್ತು, ರೇಷ್ಮೆಗೂಡಿನ ಮೂಟೆ ತುಂಬಿಕೊಂಡು. ದೀಪ ಅಡ್ಡ ನಿಂತು, ರೋಗಿ, ತುರ್ತು ಪರಿಸ್ಥಿತಿ, ದಯವಿಟ್ಟು ಎಂದು ಪುಸ್ತಕದ ಕನ್ನಡದಲ್ಲಿ ಬೇಡುತ್ತಿದ್ದಾಳೆ. “ಮಾರ್ಕೆಟ್ ಮುಗ್ದೋಯ್ತದೆ ಕಣವ್ವ” ಎಂದು ಅವನು ಹಾರನ್ನು ಒತ್ತುತ್ತಿದ್ದಾನೆ.

ನಾನು ಕೂಗಿದೆ: “ಕೆರೆದೊಡ್ಡಿ ಮಲ್ಲಮ್ಮಂಗೆ ಉಳ ಮುಟ್ಟದೆ ಕಣ್ಲಾ!”

ಸ್ವಾಮಿ ಹಾರನ್ನು ಬಿಟ್ಟ. ಇಳಿದು ಆರು ಮೂಟೆ ರಸ್ತೆ ಬದಿಗೆ ಎಸೆದು ಟೆಂಪೊ ತಿರುಗಿಸಿದ.

ಕೆರೆದೊಡ್ಡಿಯಲ್ಲಿ ಪುಟ್ಟಮಾದಪ್ಪ ಬಾಗಿಲಲ್ಲೇ ಬೆರಳು ತುಟಿಗಿಟ್ಟುಕೊಂಡ. “ಸದ್ ಮಾಡ್ಬ್ಯಾಡಿ ಕಣವ್ವ, ನಿಮ್ ಇಂಜೆಕ್ಸನ್‌ಗೆ ಚೆಂದಾಗ್ ನಿದ್ದೆ ಬಂದದೆ.” ಮೇಡಂ, ಆ ಇಂಜೆಕ್ಷನ್‌ಗೆ ನಿದ್ದೆ ಬರುವುದು ನಿಜ. ಆದರೆ ಇದು ನಿದ್ದೆಯಲ್ಲ! ದೀಪ ಮಂಡಿಯೂರಿ, “ಮಲ್ಲಮ್ಮ, ಕಣ್ಣು ಬಿಡಿ” ಎಂದಳು. ರೆಪ್ಪೆ ಅಲುಗಿತು, ಮೇಲೇಳಲಿಲ್ಲ. “ಬುಡಕಾಯ್ತಾ ಇಲ್ಲ ಕಣವ್ವ” ಎಂದು ತೊದಲಿದಳು. ವಿಷ ರೆಪ್ಪೆಗೆ ಏರಿತ್ತು.

ರೇಷ್ಮೆ ಹುಳದ ತಟ್ಟೆ ಜೋಡಿಸುವ ಸ್ಟ್ಯಾಂಡಿಗೆ ಬಾಟಲು ಕಟ್ಟಿದೆವು. ದೀಪ ಒಂದೇ ಸಲಕ್ಕೆ ನರಕ್ಕೆ ಸೂಜಿ ಹಾಕಿದಳು. ಮದ್ದು ಇಳಿಯುತ್ತಿರುವಂತೆಯೇ ಹೊತ್ತು ಟೆಂಪೊಗೆ ಹಾಕಿದೆವು. ದಾರಿಯಲ್ಲಿ ಉಸಿರು ಸಣ್ಣಗಾಯಿತು. ದೀಪ ಗಾಳಿಚೀಲ ಮುಖಕ್ಕಿಟ್ಟು ಒತ್ತತೊಡಗಿದಳು. ಒಂದು, ಎರಡು, ಒತ್ತು. ಒಂದು, ಎರಡು, ಒತ್ತು. ಕೊಳ್ಳೇಗಾಲದವರೆಗೆ ಹನ್ನೆರಡು ಮೈಲಿ ಗೂಡಿನ ಮೂಟೆಗಳ ನಡುವೆ ಮಂಡಿಯ ಮೇಲೇ ಇದ್ದಳು! ನಾನು ಕೊಡಿ ಎಂದರೂ ಕೊಡಲಿಲ್ಲ. ಪುಟ್ಟಮಾದಪ್ಪ ಬಾಟಲು ಹಿಡಿದಿದ್ದ. ಅರ್ಧ ದಾರಿಯಲ್ಲಿ, ಒತ್ತುತ್ತಲೇ, ಅವನ ಮುಖ ನೋಡಿ ಹೇಳಿದಳು:

“ಬೆಳಿಗ್ಗೆಯೇ ಈ ಮದ್ದು ಕೊಡಬೇಕಿತ್ತು. ನೀವು ಸರಿಯಾಗೇ ಹೇಳಿದ್ರಿ, ನನಗೆ ಗೊತ್ತಾಗಲಿಲ್ಲ. ತಪ್ಪು ನನ್ನದು.”

ಅವನು ಅವಳತ್ತ ತಿರುಗಿದ. ಹೊಡೆದುಬಿಡುತ್ತಾನೆ ಎಂದುಕೊಂಡೆ. “ಬಾಟ್ಲು ಸರ್ಯಾಗ್ ಇಡ್ದಿದ್ದೀನಾ ನೋಡವ್ವ” ಎಂದ, ಅಷ್ಟೇ.

ಮೂರನೇ ದಿನ ಪುಟ್ಟಮಲ್ಲಮ್ಮ ಕಣ್ಣು ಬಿಟ್ಟಳು ಮೇಡಂ! ಬಿಟ್ಟವಳೇ ಕೇಳಿದ್ದು ಏನು ಗೊತ್ತಾ? “ಉಳಕ್ಕೆ ಸೊಪ್ ಆಕುದ್ರಾ?” ಆಸ್ಪತ್ರೆ ಮಂಚದ ಪಕ್ಕ ನಿಂತಿದ್ದ ನಾವು ಮೂವರೂ ನಕ್ಕು ನಕ್ಕು ಅತ್ತೆವು.

ಈಗ ಹೇಳಿ. ಹತ್ತಕ್ಕೆ ಹತ್ತು ಹೆಚ್ಚಾಯಿತಾ?

ರಾಚಮ್ಮ


ಬೆಂಗಳೂರು
23 ಡಿಸೆಂಬರ್ 1988

ರಾಚಮ್ಮನವರೇ,

ನಿಮ್ಮ ಕಾಗದವನ್ನು ನಿಂತೇ ಓದಿದೆ. ಪುಟ್ಟಮಲ್ಲಮ್ಮ ಉಳಿದರು. ಅದು ದೊಡ್ಡದು, ಬೇರೆಲ್ಲ ಆಮೇಲೆ.

ಆದರೆ ಆ ‘ಆಮೇಲೆ’ ಬಂದಿದೆ, ನಾನು ಕೇಳಲೇಬೇಕು. ನೀವು ಹೆರಿಗೆ ಕೋಣೆಯಲ್ಲಿದ್ದಿರಿ, ಏನೂ ಗೊತ್ತಿಲ್ಲ ಎಂದಿರಿ. ಹಾಗಾದರೆ ಮಡಿಲಲ್ಲಿದ್ದ ಸೊಪ್ಪು ಹೇಗೆ ಕಂಡಿತು? ಎಡಗಾಲಿನ ಕಿರುಬೆರಳು ಹೇಗೆ ಕಂಡಿತು? ಒಂದು ವಾರದ ಹಿಂದೆ ಬಂದ ಪೆಟ್ಟಿಗೆಯನ್ನು ಎಲ್ಲಿಡಲಿ ಎಂದು ಮುತ್ತಯ್ಯ ಸರಿಯಾಗಿ ಅವತ್ತೇ, ಆ ಹೊತ್ತಿಗೇ ಕೇಳಿದ್ದು ಹೇಗೆ?

ನಿಮಗೆ ಹೇಳದ ಒಂದು ಮಾತು ನನ್ನಲ್ಲೂ ಇದೆ. ನಾನು ಬೆಂಗಳೂರಿನವಳಲ್ಲ. ಯಳಂದೂರು ತಾಲ್ಲೂಕಿನ ಅಗರದವಳು. ಮೂರನೇ ಜ್ವರಕ್ಕೆ ನಾನು ಯಾಕೆ ನಕ್ಕೆ ಎಂದುಕೊಂಡಿರಿ? ‘ಉಳ ಮುಟ್ತು’ ಎಂದರೆ ಏನೆಂದು ನನಗೆ ನಾಲ್ಕನೇ ವಯಸ್ಸಿನಿಂದ ಗೊತ್ತು. ನಿಮಗೂ ಗೊತ್ತು.

ನಿಜ ಬರೆಯಿರಿ. ಸಭೆಗೆ ಹತ್ತು ದಿನವಿದೆ.

ಲಕ್ಷ್ಮಿದೇವಿ


ಹುಣಸೇಕಟ್ಟೆ
27 ಡಿಸೆಂಬರ್ 1988

ಮೇಡಂ,

ಎರಡು ಮೇಜಿನಾಚೆ ಗಾಯದ ಬಟ್ಟೆ ಕತ್ತರಿಸುತ್ತ ನಿಂತಿದ್ದೆ. ಪುಟ್ಟಮಾದಪ್ಪ “ಉಳ ಮುಟ್ತು ಕಣವ್ವ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಬಾಯಿ ತೆರೆದೆ. ನಿಮ್ಮ ನಿಯಮ ನೆನಪಾಯಿತು. ಏನೇ ಆದರೂ ಎಂದಿದ್ದಿರಿ. ಅವಳು ‘ಯಾವ ಹುಳ?’ ಎಂದು ಕೇಳಲಿ, ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದೆ. ಜೇಬಿನಿಂದ ಪೆನ್ಸಿಲ್ಲು ತೆಗೆದಿದ್ದೆ ಮೇಡಂ. ಕೇಳಿದರೆ ಹತ್ತು, ಕೇಳದಿದ್ದರೆ ಸೊನ್ನೆ. ಇಪ್ಪತ್ತೆರಡು ವರ್ಷ ನರ್ಸಾಗಿದ್ದವಳು ಆ ಹೊತ್ತು ಬರೀ ಮಾರ್ಕ್ಸ್ ಹಾಕುವವಳಾಗಿಬಿಟ್ಟೆ.

ಕಳಿಸುವ ಮುಂಚೆ ಹೇಳಿಯೇ ಬಿಡೋಣ ಎಂದುಕೊಳ್ಳುವಷ್ಟರಲ್ಲಿ ಹೆರಿಗೆ ಕೋಣೆಯಿಂದ ಕೂಗು ಬಂತು. ಒಳಗೆ ಓಡಿದೆ. ಮಗು ತಿರುಗಿ ನಿಂತಿತ್ತು, ಒಂದು ಗಂಟೆಯ ಮೇಲಾಯಿತು. ಹೊರಗೆ ಬಂದು ನೋಡಿದರೆ ಬೆಂಚು ಖಾಲಿ.

ಆಗಲಾದರೂ ನೇರವಾಗಿ ಹೇಳಬಹುದಿತ್ತಲ್ಲ? ಹೇಳಿದರೆ ಇಷ್ಟು ಹೊತ್ತು ಯಾಕೆ ಸುಮ್ಮನಿದ್ದಿರಿ ಎನ್ನುತ್ತಾಳೆ ಎಂಬ ನಾಚಿಕೆ. ಮುತ್ತಯ್ಯನನ್ನು ಕರೆದು, ಆ ಪೆಟ್ಟಿಗೆ ತೆಗೆದುಕೊಂಡು ಹೋಗಿ ಎಲ್ಲಿಡಲಿ ಎಂದು ಕೇಳು ಎಂದೆ. ಒಂದು ಜೀವ ಹೋಗುತ್ತಿರುವಾಗಲೂ ನಾಟಕ ಆಡಿಸಿದೆ.

ದೀಪಳಿಗೆ ಗೊತ್ತು. ಟೆಂಪೊದಲ್ಲೇ ಕೇಳಿದಳು, “ಅಮ್ಮ, ಬೆಳಿಗ್ಗೆ ನಿಮಗೆ ಕೇಳಿಸಿತ್ತಾ?” ತಲೆ ಆಡಿಸಿದೆ. ಮತ್ತೆ ಒಂದು, ಎರಡು, ಒತ್ತು. ಆಮೇಲೆ ಇವತ್ತಿನವರೆಗೂ ಆ ಮಾತು ಎತ್ತಿಲ್ಲ. ‘ಬೇರೆ ಯಾರದೂ ಅಲ್ಲ’ ಎಂದು ಅವಳು ಬರೆದದ್ದು ನನ್ನನ್ನು ಉಳಿಸಲು. ಅದಕ್ಕೇ ಹತ್ತಕ್ಕೆ ಹತ್ತು ಸುರಿದೆ. ಅದಕ್ಕೇ ಹನ್ನೊಂದನೆಯದು ಖಾಲಿ. ಅವಳ ಕೈಗೆ ಒಪ್ಪಿಸುತ್ತೀಯಾ ಎಂದು ನನ್ನನ್ನು ಕೇಳಿದ್ದೀರಿ. ನನ್ನ ಕೈಗೆ ಯಾರಾದರೂ ಒಪ್ಪಿಸುತ್ತಾರಾ ಎಂದು ಯಾರೂ ಕೇಳಲಿಲ್ಲ.

ಆದರೆ ಒಂದು ಮಾತು, ಸಿಟ್ಟಿನಲ್ಲೇ ಹೇಳುತ್ತೇನೆ. ನೀವು ಅಗರದವರಂತೆ. ಆ ಮಾತು ನಿಮಗೆ ಗೊತ್ತಿತ್ತಂತೆ. ಮತ್ತೆ ಆ ಹುಡುಗಿಗೆ ಅಲ್ಲೇ ಹೇಳಿ ಕಳಿಸಲಿಲ್ಲ ಯಾಕೆ?

ಈ ಕಾಗದವನ್ನು ಸಭೆಯಲ್ಲಿ ಓದಿ. ನನ್ನ ಕೆಲಸ ಹೋದರೆ ಹೋಗಲಿ. ಅವಳದು ಹೋಗಬಾರದು.

ರಾಚಮ್ಮ


ಬೆಂಗಳೂರು
3 ಜನವರಿ 1989

ರಾಚಮ್ಮ,

ಸಭೆಯಲ್ಲಿ ನಿಮ್ಮ ಕಾಗದ ಓದಿದೆ. ಅದಕ್ಕೂ ಮೊದಲು ನಾನು ನಿಮಗೆ ಬರೆದ ಎರಡು ಕಾಗದಗಳ ನಕಲು ಓದಿದೆ. ‘ಬಾಯಿ ಹಾಕಬೇಡಿ’ ಮತ್ತು ‘ಏನೇ ಆದರೂ’. ಓದುವಾಗ ನನ್ನ ಧ್ವನಿ ನನಗೇ ಅಸಹ್ಯವೆನಿಸಿತು. ನಿಯಮ ನನ್ನದು, ಸಹಿ ನನ್ನದು ಎಂದು ಬರೆದುಕೊಟ್ಟಿದ್ದೇನೆ. ನಿಮ್ಮ ಕೆಲಸದ ಮಾತು ಅಲ್ಲಿ ಯಾರೂ ಎತ್ತಲಿಲ್ಲ.

ನೀವು ಕೇಳಿದ ಪ್ರಶ್ನೆಗೆ ಉತ್ತರ. ಹದಿನೇಳನೇ ವಯಸ್ಸಿಗೆ ಇಲ್ಲಿಗೆ ಬಂದೆ. ಮೊದಲ ದಿನ ‘ಆಸ್ಟೆಲ್ ಎಲ್ಲದೆ’ ಎಂದು ಕೇಳಿದೆ. ಸುತ್ತ ನಿಂತವರೆಲ್ಲ ನಕ್ಕರು. ಆ ರಾತ್ರಿಯೇ ಹ ಕಲಿತೆ. ಕಲಿಯುವಾಗ ಊರಿನ ಮಾತೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಹನ್ನೊಂದು ವರ್ಷ ಪಾಠ ಮಾಡಿದ್ದೇನೆ. ಹಾವಿನ ವಿಷದ ಬಗ್ಗೆ ಮೂರು ಗಂಟೆ ಮಾತಾಡಬಲ್ಲೆ. ಆ ಒಂದು ಪದವನ್ನು ಒಬ್ಬ ವಿದ್ಯಾರ್ಥಿಗೂ ಹೇಳಲಿಲ್ಲ. ಬರೀ ನಾಚಿಕೆ ರಾಚಮ್ಮ, ನಿಮ್ಮದರಂತೆಯೇ.

ತೀರ್ಮಾನ ಹೇಳುತ್ತೇನೆ. ನಿಮ್ಮ ಹತ್ತಕ್ಕೆ ಹತ್ತನ್ನು ಒಪ್ಪಲಿಲ್ಲ. ಐದನೇ ಕಲಮಿಗೆ ಎರಡು ಅಂಕ ಮಾತ್ರ. ಯಾವ ಹುಳ ಎಂದು ಕೇಳದವಳು ಕೇಳುವುದನ್ನು ಕಲಿಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆರನೇ ಕಲಮಿಗೆ ಸಮಿತಿಯ ಐವರೂ ಹತ್ತು ಹಾಕಿದರು. ತಡೆಹಿಡಿಯಬೇಕು ಎಂದಿದ್ದ ಇಬ್ಬರೂ! ಇನ್ನೊಂದು ತಿಂಗಳು ಹಳ್ಳಿಯಲ್ಲಿ ಕೆಲಸ, ಆಮೇಲೆ ಮತ್ತೊಂದು ಫಾರಂ. ಎಲ್ಲಿಗೆ ಹೋಗುತ್ತೀಯಾ ಎಂದು ದೀಪಳನ್ನು ಕೇಳಿದೆ. ನನ್ನ ಮಾತು ಮುಗಿಯುವ ಮುಂಚೆ ‘ಹುಣಸೇಕಟ್ಟೆ’ ಎಂದಳು.

ಹತ್ತನೇ ತಾರೀಖು ಬರುತ್ತಾಳೆ. ಹೊಸ ಫಾರಂ ಜೊತೆಗಿದೆ, ಈ ಸಲ ಅವಳ ಎದುರಿಗೇ ತುಂಬಿ. ಮೂರನೇ ನಿಯಮ ಹೊಡೆದುಹಾಕಿ, ಅಲ್ಲಿ ನನ್ನ ಕೈಯಲ್ಲೇ ಬರೆದಿದ್ದೇನೆ: ‘ಬಾಯಿ ಹಾಕಿ.’

ಲಕ್ಷ್ಮಿದೇವಿ


ಹುಣಸೇಕಟ್ಟೆ
12 ಫೆಬ್ರವರಿ 1989

ಮೇಡಂ! ಮೇಡಂ!

ಎಲ್ಲಿಂದ ಶುರು ಮಾಡಲಿ? ಮೊದಲು ದೀಪಳ ವಿಷಯ ಹೇಳಿಬಿಡುತ್ತೇನೆ.

ಈಗ ಯಾರು ಬಂದು ‘ಉಳ’ ಎಂದರೂ ಅವಳು ಮುಖ ನೋಡಿ ಕೇಳುತ್ತಾಳೆ: “ಕಾಲಿರೋ ಉಳನೋ, ಕಾಲಿಲ್ದಿರೋ ಉಳನೋ?” ಹೆಸರು ಎತ್ತಿದ ಹಾಗೂ ಆಗಲಿಲ್ಲ, ವಿಷಯವೂ ಗೊತ್ತಾಯಿತು! ಇಪ್ಪತ್ತೆರಡು ವರ್ಷದಲ್ಲಿ ಇದು ನನಗೆ ಹೊಳೆಯಲಿಲ್ಲ ನೋಡಿ. ಮೊನ್ನೆ ಒಬ್ಬ ಮುದುಕ ಬಹಳ ಯೋಚನೆ ಮಾಡಿ, “ನೂರ್ ಕಾಲಿಂದು ಕಣವ್ವ” ಎಂದ. ಜರಿ ಕಚ್ಚಿತ್ತು. ಪುಟ್ಟಮಲ್ಲಮ್ಮ ದಾರಿಯಲ್ಲಿ ಸಿಕ್ಕವರಿಗೆಲ್ಲ ಈ ಪ್ರಶ್ನೆ ಹೇಳಿಕೊಡುತ್ತಾ ತಿರುಗುತ್ತಿದ್ದಾಳೆ, ತಾನೇ ಕಂಡುಹಿಡಿದ ಹಾಗೆ.

ಇನ್ನು ನನ್ನ ವಿಷಯ. ಮಹದೇವಿಗೆ ಗುರುವಾರ ಬೆಳಿಗ್ಗೆ ನೋವು ಬಂತು. ಎಷ್ಟೋ ಸಾವಿರ ಹೆರಿಗೆ ಮಾಡಿಸಿದ ಕೈ ಮೇಡಂ ಇದು. ಮಗಳನ್ನು ಆ ಮಂಚದ ಮೇಲೆ ನೋಡಿದೆನೋ ಇಲ್ಲವೋ, ಗ್ಲೌಸು ಹಾಕಿಕೊಳ್ಳಲು ಬರಲಿಲ್ಲ. ಹೆಬ್ಬೆರಳು ಕಿರುಬೆರಳಿನ ಜಾಗಕ್ಕೆ ಹೋಗುತ್ತಿತ್ತು. ದೀಪ ನೋಡಿದಳು. ನನ್ನ ಕೈಯಿಂದ ಗ್ಲೌಸು ತೆಗೆದುಕೊಂಡಳು. “ಅಮ್ಮ, ನೀವು ತಲೆ ಹತ್ತಿರ ನಿಂತ್ಕೊಳ್ಳಿ. ನಾನು ಮಾಡ್ತೀನಿ, ನೀವು ಹೇಳಿ.”

ತಲೆ ಬಂತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. “ಎರಡು ಸುತ್ತು!” ಎಂದು ಕೂಗಿದೆ. “ಗೊತ್ತಾಯ್ತಮ್ಮ, ಹೇಳ್ತಾ ಇರಿ” ಎಂದಳು. “ತಿಣುಕಬೇಡ ಮಗಾ, ಉಸಿರು ಬುಡು” ಎಂದು ಮಗಳಿಗೆ ಕೂಗಿದೆ, “ಬೆರಳು ಒಳಗೆ ಹಾಕಿ ಸಡಿಲಿಸು” ಎಂದು ಇವಳಿಗೆ ಕೂಗಿದೆ, “ಬಿಸಿನೀರು ಎಲ್ಲಿ” ಎಂದು ಮುತ್ತಯ್ಯನಿಗೆ ಕೂಗಿದೆ. ನನ್ನ ಜೀವಮಾನದಲ್ಲಿ ಇಷ್ಟು ಬಾಯಿ ಹಾಕಿರಲಿಲ್ಲ! ಅವಳು ಒಂದು ಸುತ್ತು ಬಿಡಿಸಿದಳು. ಎರಡನೆಯದೂ ಬಿಡಿಸಿದಳು. ಮಗು ನೀಲಿಯಾಗಿತ್ತು. ಬೆನ್ನು ತಿಕ್ಕಿದಳು, ಬಾಯಿ ಒರೆಸಿದಳು. ಮತ್ತೆ ತಿಕ್ಕಿದಳು. ಆಮೇಲೆ ಹನೂರಿಗೆ ಕೇಳಿಸುವ ಹಾಗೆ ಅತ್ತಿತು ನೋಡಿ!

ಹೆಣ್ಣು. ಆರೂವರೆ ಪೌಂಡು. ತಾಯಿ ಮಗು ಕ್ಷೇಮ, ಅಜ್ಜಿಗೆ ಮಾತ್ರ ಗಂಟಲು ಕಟ್ಟಿದೆ.

ಹೊಸ ಫಾರಮಿನ ಹತ್ತು ಕಲಮನ್ನೂ ದೀಪಳ ಎದುರು ಕೂತು ತುಂಬಿದೆ. ಐದನೆಯದಕ್ಕೆ ಎಂಟು ಹಾಕಿದೆ. ಎರಡು ಯಾಕೆ ಕಡಿಮೆ ಎಂದು ಜಗಳವಾಡಿದಳು. ಮುಂದಿನ ವರ್ಷಕ್ಕೆ ಇರಲಿ ಎಂದೆ.

ಹನ್ನೊಂದನೆಯದರಲ್ಲಿ ಸ್ವಲ್ಪ ಕಾಟು ಹೊಡೆದಿದ್ದೇನೆ, ಕ್ಷಮಿಸಿ. ‘ಒಪ್ಪಿಸುವಿರಾ?’ ಎಂದು ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಒಪ್ಪಿಸಿದೆ’ ಎಂದು ಬರೆದಿದ್ದೇನೆ.

ರಾಚಮ್ಮ